ತೊಗಲು ಹಚ್ಚುವುದು ದೊಡ್ಡದಲ್ಲ, ರಕ್ತ ಹರಿಸುವುದು ದೊಡ್ಡದು!

ತಿಮ್ಮಾಪುರ: ಕಬ್ಬಿನ ಹಂಗಾಮು ಸುರುವಾಯಿತೆಂದರೆ ಮುಧೋಳ, ಜಮಖಂಡಿ, ಬೀಳಗಿ ಕಡೆಯ ರಸ್ತೆಗಳಿಗೆ ಹಗಲು ರಾತ್ರಿಯ ಭೇದ ಇರುವುದಿಲ್ಲ. ಒಂದು ಟ್ರ್ಯಾಕ್ಟರ್, ಅದರ ಬೆನ್ನಿಗೆ ಎರಡು ಟ್ರೇಲರ್, ಮೇಲೆ ಆಳೆತ್ತರ ಕಬ್ಬು, ಹಿಂದೆ ಕೆಂಪು ದೀಪದ ಸುದ್ದಿಯೇ ಇಲ್ಲ! ಕವಿ ರನ್ನನ ಹೆಸರಿನ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿಸಿಕೊಂಡ ಈ ತಿಮ್ಮಾಪುರದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೈಕಲ್ ಮೋಟಾರಿನವನು ಹಿಂದಿನಿಂದ ಹೋಗಿ ಗುದ್ದುತ್ತಾನೆ. ಗಾಲಿಯ ಕೆಳಗೆ ಕಾಲು ಸಿಕ್ಕರೆ ಎಲುಬು ಮುರಿಯುವುದು ಒಂದು ಕಡೆಗಿರಲಿ, ಮೊಣಕಾಲ ಕೆಳಗಿನ ತೊಗಲು ಕಾಲುಚೀಲ ಕಳಚಿದ ಹಾಗೆ ಕಳಚಿ ಬರುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಪಟ್ಟಾಕ್ಕೆ ಕೈ ಸಿಗುವುದುಂಟು. ಮೇವು ಕತ್ತರಿಸುವ ಮಷೀನಿಗೆ, ಕಬ್ಬಿನ ಹಾಲಿನ ಗಾಣಕ್ಕೆ ಬೆರಳು ಸಿಗುವುದುಂಟು.

ಎಲುಬು ಕೂಡಿಸುವ ಡಾಕ್ಟರು ರಾಡು ಹಾಕಿ ಕೂಡಿಸುತ್ತಾರೆ. ಆಮೇಲೆ ಬರುತ್ತದೆ ಎರಡನೆಯ ಮಾತು: "ಎಲುಬು ಮ್ಯಾಲ ತೊಗಲಿಲ್ಲ. ಫ್ಲ್ಯಾಪ್ ಹಾಕಬೇಕಾಗತೈತಿ. ಬೆಳಗಾವಿಗರೆ ಹೋಗ್ರಿ, ಹುಬ್ಬಳ್ಳಿಗರೆ ಹೋಗ್ರಿ."

ಮನೆಯವರು ಹೊಲದ ಮೇಲೆ ಸಾಲ ತೆಗೆದು ಹೋಗುತ್ತಾರೆ. ಆಪರೇಷನ್ ಆಗುತ್ತದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಹಚ್ಚಿದ ತೊಗಲಿನ ತುದಿ ಕಪ್ಪಾದರೆ ವಾರ್ಡಿನ ಹೊರಗೆ ನಿಂತ ಹತ್ತು ಮಂದಿಯೂ ಕೇಳುವ ಪ್ರಶ್ನೆ ಒಂದೇ: "ಯಾಕ್ರೀ ಸಾಹೇಬ್ರ, ತೊಗಲು ಬದುಕಿಸಾಕ ಒಂದ ಸೂಜಿ, ಒಂದ ಗುಳಿಗಿ ಇಲ್ಲೇನ್ರಿ?"

ಪ್ರಶ್ನೆ ಹಳ್ಳಿಯದಾದರೂ ದಡ್ಡತನದ್ದಲ್ಲ. ಇದೇ ಪ್ರಶ್ನೆ ಹಿಡಿದುಕೊಂಡು ಜಗತ್ತಿನ ಪ್ಲಾಸ್ಟಿಕ್ ಸರ್ಜನ್‌ಗಳು ಐವತ್ತು ಅರವತ್ತು ವರ್ಷ ಇಲಿಗಳ ಬೆನ್ನು ಕೊಯ್ದಿದ್ದಾರೆ.

ಕಸಿ ಬೇರೆ, ಫ್ಲ್ಯಾಪ್ ಬೇರೆ

ಪ್ಲಾಸ್ಟಿಕ್ ಸರ್ಜರಿ ಅಂದರೆ ಪ್ಲಾಸ್ಟಿಕ್ ಹಚ್ಚುವುದು ಎಂದು ತಿಳಿದವರು ಇನ್ನೂ ಇದ್ದಾರೆ! ಹಚ್ಚುವುದು ರೋಗಿಯ ಸ್ವಂತ ತೊಗಲನ್ನೇ. ಅದರಲ್ಲಿ ಎರಡು ತರಹ. ತೊಡೆಯಿಂದ ಕಾಗದದಷ್ಟು ತೆಳ್ಳಗೆ ತೊಗಲು ಹೆರೆದು ತೆಗೆದು ಗಾಯದ ಮೇಲೆ ಹಾಸುವುದು ಕಸಿ. ಅದಕ್ಕೆ ಸ್ವಂತ ರಕ್ತದ ದಾರಿ ಇಲ್ಲ. ಕೆಳಗಿನ ಮಾಂಸದಿಂದ ಹೀರಿಕೊಂಡು ಬದುಕಬೇಕು. ಕೆಳಗೆ ಹಸಿಮಾಂಸ ಇದ್ದರೆ ಹಿಡಿಯುತ್ತದೆ. ಬರೇ ಎಲುಬು, ಬರೇ ನರ ಇದ್ದರೆ ಬಂಡೆಯ ಮೇಲೆ ಬೀಜ ಚೆಲ್ಲಿದ ಹಾಗೆ.

ಫ್ಲ್ಯಾಪು ಹಾಗಲ್ಲ. ತೊಗಲು, ಅದರ ಕೆಳಗಿನ ಕೊಬ್ಬು, ಕೆಲವೊಮ್ಮೆ ಮಾಂಸಖಂಡ, ಇಷ್ಟನ್ನೂ ಮಣ್ಣು ಸಮೇತ ಸಸಿ ಕಿತ್ತ ಹಾಗೆ ಎತ್ತುತ್ತಾರೆ. ಒಂದು ಬದಿ ಮೂಲದ ಜಾಗಕ್ಕೆ ಅಂಟಿಕೊಂಡೇ ಇರುತ್ತದೆ, ಆ ಸಂದಿನಿಂದ ರಕ್ತ ಬರುತ್ತಿರುತ್ತದೆ. ಇಲ್ಲವೇ ಪೂರಾ ಕಡಿದು ತಂದು, ಅದರ ರಕ್ತನಾಳವನ್ನು ಗಾಯದ ಹತ್ತಿರದ ರಕ್ತನಾಳಕ್ಕೆ ಹೊಲಿಯುತ್ತಾರೆ. ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ಸಣ್ಣ ನಾಳ, ಕೂದಲಿಗಿಂತ ತೆಳುವಾದ ದಾರ, ಮೇಲೆ ಸೂಕ್ಷ್ಮದರ್ಶಕ. ಆಸ್ಟ್ರೇಲಿಯಾದ ಟೇಲರ್ ಮತ್ತು ಡೇನಿಯಲ್ ಇಂಥ ಫ್ಲ್ಯಾಪ್ ಹಾಕಿದ್ದನ್ನು 1973ರಲ್ಲಿ ಜಗತ್ತಿಗೆ ತಿಳಿಸಿದರು. ಈಗ ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಇಂಥ ಫ್ಲ್ಯಾಪುಗಳು ಉಳಿಯುತ್ತವೆ.

ಸಾಯುವುದು ಯಾಕೆ? ಘಟಪ್ರಭಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ಎರಡು ಮಾತಿನಲ್ಲಿ ಹೇಳಬಹುದು. ತೂಬಿನ ಬಾಯಿಗಿರುವ ಹೊಲಕ್ಕೆ ನೀರು ಬರುತ್ತದೆ, ಟೇಲ್ ಎಂಡಿನ ಹೊಲ ಒಣಗುತ್ತದೆ. ಫ್ಲ್ಯಾಪಿನಲ್ಲೂ ಕಪ್ಪಾಗುವುದು ಬುಡವಲ್ಲ, ತುದಿ. ಇದು ಒಂದು. ಎರಡನೆಯದು, ನೀರು ಬಂದದ್ದು ಬಸಿದು ಹೋಗಲು ದಾರಿ ಇಲ್ಲದಿದ್ದರೆ ಹೊಲ ಸವಳು-ಜವಳಾಗಿ ಕೆಡುವುದಿಲ್ಲವೇ? ಹಾಗೆಯೇ ರಕ್ತ ತರುವ ನಾಳ ಸರಿಯಿದ್ದು, ಒಯ್ಯುವ ನಾಳ ಕಟ್ಟಿಕೊಂಡರೆ ಫ್ಲ್ಯಾಪು ಬಾತು, ನೀಲಿಯಾಗಿ, ತನ್ನ ರಕ್ತದಲ್ಲೇ ಮುಳುಗಿ ಸಾಯುತ್ತದೆ. ಬರಗಾಲಕ್ಕೆ ಒಂದು ಮದ್ದು, ಜವಳಿಗೆ ಇನ್ನೊಂದು ಮದ್ದು. ಎರಡಕ್ಕೂ ಒಂದೇ ಸೂಜಿ ಕೇಳಿದರೆ ಡಾಕ್ಟರು ತಲೆ ಕೆರೆದುಕೊಳ್ಳದೆ ಏನು ಮಾಡಿಯಾರು?

ಶ್ರೀರಂಗಪಟ್ಟಣದಲ್ಲಿ ಹೋದ ಮೂಗು

ಈ ವಿದ್ಯೆ ವಿಲಾಯತಿಯದು ಎಂದು ಯಾರಾದರೂ ಅಂದರೆ ಅವರಿಗೆ ಕಾವಸ್‌ಜಿಯ ಕಥೆ ಹೇಳಬೇಕು. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝಿನ್' ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಕಾವಸ್‌ಜಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವವನು. ಹೆಸರು ಕೇಳಿದರೆ ಪಾರ್ಸಿ ಅನಿಸುತ್ತದೆ, ಪತ್ರ ಮಾತ್ರ ಅವನನ್ನು ಮರಾಠಾ ಒಕ್ಕಲಿಗ ಎನ್ನುತ್ತದೆ. 1792ಕ್ಕೆ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗು ಮತ್ತು ಒಂದು ಕೈ ಕಡಿಸಲಾಯಿತು ಎಂದು ಪತ್ರ ಹೇಳುತ್ತದೆ. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಮುಂಬಯಿ ಸೈನ್ಯ ಸೇರಿಕೊಂಡ. ವರ್ಷಕ್ಕೂ ಮೇಲೆ ಮೂಗಿಲ್ಲದೆ ಕಳೆದ.

ಆಮೇಲೆ ಪುಣೆಯ ಹತ್ತಿರ ಇಟ್ಟಂಗಿ ಮಾಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಕೂಡಿಸಿದ. ಡಿಗ್ರಿಯಿಲ್ಲ, ಬೋರ್ಡಿಲ್ಲ! ಮಾಡಿದ್ದು ಹೀಗೆ: ಮೂಗಿನ ಮೋಟಿನ ಮೇಲೆ ತೆಳ್ಳನೆಯ ಮೇಣದ ತಗಡು ಇಟ್ಟು ಅಚ್ಚು ತೆಗೆದ. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯಷ್ಟೂ ತೊಗಲು ಬಿಡಿಸಿದ. ಆದರೆ ಎರಡು ಕಣ್ಣಿನ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕಡಿಯದೆ ಹಾಗೇ ಬಿಟ್ಟ. ತೊಗಲನ್ನು ಅರ್ಧ ತಿರುಗಿಸಿ ಕೆಳಗಿಳಿಸಿ, ಹಳೆಯ ಮೂಗಿನ ಅಂಚನ್ನು ಹಸಿ ಮಾಡಿ ಅದರಲ್ಲಿ ಸೇರಿಸಿದ. ಮೇಲೆ ಮೆತ್ತಿದ್ದೇನು ಗೊತ್ತೇ? ನೀರಿನಲ್ಲಿ ಕಲಸಿದ ಕಾಚು! ಪಾನಪಟ್ಟಿ ಅಂಗಡಿಯಲ್ಲಿ ಎಲೆಗೆ ಸವರುವ ಅದೇ ಕಾಚನ್ನು ಅರಿವೆಯ ತುಂಡುಗಳಿಗೆ ಹಚ್ಚಿ ಐದಾರು ಪದರು ಕೂಡಿಸಿದ್ದ. ನಾಲ್ಕು ದಿನ ಬಿಟ್ಟು ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಅರಿವೆ. ಇಪ್ಪತ್ತೈದನೆಯ ದಿನದ ಹೊತ್ತಿಗೆ ಕಣ್ಣಿನ ನಡುವಿನ ಪಟ್ಟಿ ಕಡಿದ.

ಎಲ್ಲ ಗುಟ್ಟೂ ಆ ಪಟ್ಟಿಯಲ್ಲಿದೆ. ರಕ್ತದ ಕಾಲುವೆ ಅದು. ಇಪ್ಪತ್ತೈದು ದಿನ ಅದರಿಂದ ಉಣ್ಣುತ್ತ, ಅಷ್ಟರಲ್ಲಿ ಹೊಸ ಜಾಗದಿಂದ ಹೊಸ ನಾಳಗಳು ಬೆಳೆದು ಬಂದು, ಹಳೆಯ ತೂಬು ಮುಚ್ಚಿದರೂ ಹೊಲ ಒಣಗದ ಸ್ಥಿತಿ ಬಂತು. ರಕ್ತದ ದಾರಿ ಮುಖ್ಯ ಎಂಬುದು ಆ ಮನುಷ್ಯನಿಗೆ ಗೊತ್ತಿತ್ತು. ಮುಂಬಯಿ ಇಲಾಖೆಯ ಇಬ್ಬರು ಇಂಗ್ಲಿಷ್ ಡಾಕ್ಟರುಗಳು ಇಂಥ ಆಪರೇಷನ್ ನಿಂತು ನೋಡಿದ್ದರು. ಪತ್ರದಲ್ಲಿ ರೋಗಿಯ ಹೆಸರಿದೆ, ನೋಡಿದವರ ಹೆಸರಿದೆ. ಮಾಡಿದವನ ಹೆಸರಿಲ್ಲ! ಇದನ್ನೋದಿ ಲಂಡನ್ನಿನ ಸರ್ಜನ್ ಕಾರ್ಪ್ಯೂ 1814ರಲ್ಲಿ ತಾನೂ ಮಾಡಿದ, 1816ರಲ್ಲಿ ಪುಸ್ತಕ ಬರೆದ. ಅದಕ್ಕೂ ಎಷ್ಟೋ ಶತಮಾನ ಮೊದಲೇ ಸುಶ್ರುತ ಎಲೆಯ ಅಳತೆ ಹಿಡಿದು ಗಲ್ಲದ ತೊಗಲಿನಿಂದ ಮೂಗು ಮಾಡುವುದನ್ನು ಬರೆದಿಟ್ಟಿದ್ದ.

ಸಕ್ಕರೆಯ ಲೋಳೆಯೂ ಔಷಧಿಯಾಗಿತ್ತು!

ಈಗ ಸೂಜಿ-ಗುಳಿಗೆಯ ಮಾತಿಗೆ ಬರೋಣ. ಕಬ್ಬಿನ ನಾಡಿಗೆ ಮೊದಲು ಹೇಳಬೇಕಾದದ್ದು ಡೆಕ್ಸ್ಟ್ರಾನ್.

ಕಡಿದ ಕಬ್ಬು ಎರಡು ಮೂರು ದಿನ ಬಿಸಿಲಲ್ಲಿ ಬಿದ್ದರೆ ಕಾರ್ಖಾನೆಯವರು ಗೊಣಗುವುದು ರೈತರಿಗೆಲ್ಲ ಗೊತ್ತು. ತೂಕ ಇಳಿಯುವುದಷ್ಟೇ ಅಲ್ಲ. ಕಡಿದ ತುದಿಯಲ್ಲಿ ಒಂದು ಜಾತಿಯ ಕ್ರಿಮಿ ಸೇರಿ ಸಕ್ಕರೆಯನ್ನು ಲೋಳೆ ಮಾಡುತ್ತದೆ. ಆ ಲೋಳೆಯೇ ಡೆಕ್ಸ್ಟ್ರಾನ್. ಕಬ್ಬಿನ ಹಾಲು ದಪ್ಪಾಗುತ್ತದೆ, ಸೋಸುವುದು ತಡವಾಗುತ್ತದೆ, ಸಕ್ಕರೆ ಹರಳು ಸೊಟ್ಟಗಾಗುತ್ತದೆ. ಕಾರ್ಖಾನೆಗೆ ಶನಿಯಾದ ಈ ಲೋಳೆಯನ್ನು 1940ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಶುದ್ಧ ಮಾಡಿ, ರಕ್ತ ಸೋರಿದವರಿಗೆ ರಕ್ತದ ಬದಲು ಏರಿಸುವ ಸಲಾಯಿನ್ ಮಾಡಿದರು. ರಕ್ತದ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುವುದೂ ಇದರಿಂದ ಕಡಿಮೆಯಾಗುತ್ತದೆ ಎಂದು ಕಂಡಿತು. ಅಷ್ಟು ಸಾಕು! ಫ್ಲ್ಯಾಪ್ ಹಾಕಿದ ಎಷ್ಟೋ ಸರ್ಜನ್‌ಗಳು ವರ್ಷಗಟ್ಟಲೆ ಡೆಕ್ಸ್ಟ್ರಾನ್ ಬಾಟ್ಲಿ ತೂಗಿಬಿಟ್ಟರು.

ಕೊನೆಗೆ ಲೆಕ್ಕ ಹಾಕಿ ನೋಡಿದಾಗ? 2003ರಲ್ಲಿ ನ್ಯೂಯಾರ್ಕಿನ ಸರ್ಜನ್‌ಗಳು ಡೆಕ್ಸ್ಟ್ರಾನ್ ಕೊಟ್ಟವರನ್ನೂ ಬರೇ ಆಸ್ಪಿರಿನ್ ಕೊಟ್ಟವರನ್ನೂ ಹೋಲಿಸಿ ಪ್ರಕಟಿಸಿದರು. ಫ್ಲ್ಯಾಪು ಉಳಿಯುವುದರಲ್ಲಿ ಡೆಕ್ಸ್ಟ್ರಾನಿನಿಂದ ಲಾಭ ಕಾಣಲಿಲ್ಲ. ಮೈಯಲ್ಲಿ ಬೇರೆ ತೊಂದರೆಗಳು ಮಾತ್ರ ಹಲವು ಪಟ್ಟು ಹೆಚ್ಚಾಗಿದ್ದವು. ಬಾಟ್ಲಿ ಗೂಟದಿಂದ ಇಳಿಯತೊಡಗಿತು. ಬಳಸಿದವರು ಕೆಟ್ಟವರಲ್ಲ, ದಡ್ಡರೂ ಅಲ್ಲ. ಒಳ್ಳೆಯದಾಗುತ್ತದೆ ಎಂದು ಅನಿಸಿತ್ತು. ಅನಿಸುವುದಕ್ಕೂ ಆಗುವುದಕ್ಕೂ ವ್ಯತ್ಯಾಸ ತಿಳಿಯಲು ಅಷ್ಟು ವರ್ಷ ಹಿಡಿಯಿತು.

ಕಿರಾಣಿ ಅಂಗಡಿಯಲ್ಲೂ ತಲೆನೋವಿಗೆ ಸಿಗುತ್ತಿದ್ದ ಆಸ್ಪಿರಿನ್ ರಕ್ತದ ಗಡ್ಡೆ ತಡೆಯುತ್ತದೆ. ಹೆಪಾರಿನ್ ಅದಕ್ಕಿಂತ ಜೋರು. ಅಮೇರಿಕದಲ್ಲಿ 1916ರಲ್ಲಿ ಮ್ಯಾಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ನಾಯಿಯ ಪಿತ್ತಜನಕಾಂಗದಲ್ಲಿ ಕಂಡುಕೊಂಡ ವಸ್ತುವಿನಿಂದ ಅದರ ಕಥೆ ಸುರು. ಈಗ ಅದನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ. ಹೊಲಿಯುವಾಗ ನಾಳ ತೊಳೆಯಲು ಹೆಪಾರಿನ್ ನೀರು ಬೇಕೇ ಬೇಕು. ಆದರೆ ಆಪರೇಷನ್ ಆದಮೇಲೆ ಹೆಚ್ಚು ಕೊಟ್ಟರೆ ಫ್ಲ್ಯಾಪಿನ ಕೆಳಗೆ ರಕ್ತ ಸೋರಿ ಗಡ್ಡೆ ಕೂಡುತ್ತದೆ. ಆ ಗಡ್ಡೆಯೇ ನಾಳವನ್ನು ಒತ್ತಿ ಮುಚ್ಚುತ್ತದೆ. ಕಾಲುವೆ ಹೂಳು ತೆಗೆಯಲು ಹೋಗಿ ದಂಡೆ ಒಡೆದ ಹಾಗೆ.

ಇನ್ನು ನಾಳ ಹಿಗ್ಗಿಸುವ ಔಷಧಿ. ಮುಟ್ಟಿದರೆ ಮುನಿಯುವ ಜಾತಿ ಈ ರಕ್ತನಾಳ. ಸರ್ಜನ್ ಕೈ ಹಚ್ಚಿದ ಕೂಡಲೇ ಸೆಟೆದು ಮುಚ್ಚಿಕೊಳ್ಳುತ್ತದೆ. ಆಗ ಅದರ ಮೇಲೆ ಪಾಪವರಿನ್ ಹನಿಸುತ್ತಾರೆ. ಅಫೀಮಿನಿಂದ 1848ರಲ್ಲಿ ಬೇರೆ ಮಾಡಿದ ವಸ್ತುವಿದು, ಆದರೆ ಅಮಲು ಬರುವುದಿಲ್ಲ! ಇಲ್ಲವೇ ಹಲ್ಲಿನ ಡಾಕ್ಟರು ಹಲ್ಲು ಕೀಳುವ ಮುಂಚೆ ಚುಚ್ಚುವ ಲಿಗ್ನೊಕೇನನ್ನೇ ಹನಿಸುತ್ತಾರೆ. ಇವು ಕೆಲಸ ಮಾಡುವುದನ್ನು ಟೇಬಲ್ ಮೇಲೆಯೇ ಕಣ್ಣಾರೆ ಕಾಣಬಹುದು.

ನೈಟ್ರೊಗ್ಲಿಸರಿನ್ ಕಥೆ ಬಲು ಮೋಜಿನದು. ಕಲ್ಲುಗಣಿ ಸಿಡಿಸಲು ನೊಬೆಲ್ ಮಾಡಿದ ಡೈನಮೈಟಿನ ಒಳಗಿನ ಮದ್ದು ಇದೇ. ಎದೆನೋವಿನವರು ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆಯೂ ಇದೇ. ಕೆನಡಾ ದೇಶದ ವ್ಯಾಂಕೂವರಿನಲ್ಲಿ ಸ್ತನ ಕ್ಯಾನ್ಸರಿನ ಆಪರೇಷನ್ ಆದ 165 ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಉಳಿದ ತೊಗಲಿನ ಮೇಲೆ ಈ ಔಷಧಿಯ ಮುಲಾಮು, ಇನ್ನೊಂದು ಪಾಲಿಗೆ ಬರೇ ಮುಲಾಮು ಹಚ್ಚಿದರು. ಯಾರಿಗೆ ಯಾವುದೆಂದು ಗುಟ್ಟು. 2015ರಲ್ಲಿ ಫಲ ಪ್ರಕಟವಾಯಿತು. ಬರೇ ಮುಲಾಮಿನವರಲ್ಲಿ ನೂರಕ್ಕೆ ಸುಮಾರು 34 ಮಂದಿಗೆ ತೊಗಲು ಸತ್ತಿತ್ತು, ಔಷಧಿಯವರಲ್ಲಿ ಸುಮಾರು 15 ಮಂದಿಗೆ. ಮನುಷ್ಯರ ಮೇಲೆ ಹೀಗೆ ಸರಿಯಾಗಿ ಅಳೆದು ನೋಡಿ ಪಾಸಾದ ಮದ್ದುಗಳು ಬೆರಳೆಣಿಕೆಯಷ್ಟು. ಹಾಗೆಂದು ಎದೆನೋವಿನ ಗುಳಿಗೆ ಅರೆದು ಮನೆಯಲ್ಲೇ ಹಚ್ಚಲು ಹೋದೀರಿ! ಬಿ.ಪಿ. ಇಳಿದು ತಲೆ ತಿರುಗಿ ಬೀಳುವ ಔಷಧಿ ಅದು.

ಕೆಂಪು ರಕ್ತಕಣ ಮೆತ್ತಗಾಗಿ ಸಂದಿಯಲ್ಲಿ ನುಸುಳುವಂತೆ ಮಾಡುವ ಪೆಂಟಾಕ್ಸಿಫಿಲಿನ್, ಗಂಡಸರು ಗುಟ್ಟಾಗಿ ಕೇಳಿ ಕೊಳ್ಳುವ ಸಿಲ್ಡೆನಾಫಿಲ್, ಸುಕ್ಕು ತೆಗೆಯುವ ಬೊಟಾಕ್ಸ್... ಪಟ್ಟಿ ಉದ್ದ ಇದೆ. ಇಲಿಯ ಬೆನ್ನಿನ ಮೇಲೆ ಬಹಳಷ್ಟು ಗೆದ್ದಿವೆ. ಕೆನಡಾದ ಮ್ಯಾಕ್‌ಫಾರ್ಲೇನ್ 1965ರಲ್ಲಿ ಇಲಿಯ ಬೆನ್ನ ಮೇಲೆ ಉದ್ದನೆಯ ತೊಗಲಿನ ಪಟ್ಟಿ ಎತ್ತಿ ಹಾಕಿದ ದಾರಿ ಅದು. ಆದರೆ ಇಲಿಯ ತೊಗಲು ಸಡಿಲ, ಅದರ ಕೆಳಗೆ ಮನುಷ್ಯನಿಗೆ ಇಲ್ಲದ ತೆಳುವಾದ ಮಾಂಸದ ಪದರು. ಇಲಿ ಬೀಡಿ ಸೇದುವುದಿಲ್ಲ, ಇಲಿಗೆ ಸಕ್ಕರೆ ಕಾಯಿಲೆಯೂ ಇರುವುದಿಲ್ಲ. ಇಲಿಯಲ್ಲಿ ಗೆದ್ದದ್ದು ಬೆಳಗಾವಿಯ ವಾರ್ಡಿನಲ್ಲಿ ಗೆಲ್ಲಬೇಕೆಂಬ ಕಾಯ್ದೆಯಿಲ್ಲ.

ಜಿಗಣೆ ಡಾಕ್ಟರು

ಜವಳಿಗೆ ಬಸಿಗಾಲುವೆ ತೋಡುತ್ತಾರಲ್ಲ, ಅಂಥ ಕೆಲಸಕ್ಕೆ ಇಷ್ಟೆಲ್ಲ ಔಷಧಿ ಬಂದರೂ ಇನ್ನೂ ಜಿಗಣೆಯೇ ಬೇಕು. ಸುಶ್ರುತ ಹನ್ನೆರಡು ಜಾತಿಯ ಜಿಗಣೆ ಹೇಳಿ, ಆರು ವಿಷದವು, ಆರು ಒಳ್ಳೆಯವು ಎಂದು ವಿಂಗಡಿಸಿದ್ದ. ಇಂಗ್ಲಿಷ್ ವೈದ್ಯ ಅದನ್ನು ಮೂಢನಂಬಿಕೆ ಎಂದು ಬದಿಗೊತ್ತಿತು. 1960ರಲ್ಲಿ ಆಗಿನ ಯುಗೋಸ್ಲಾವಿಯಾದ ಇಬ್ಬರು ಸರ್ಜನ್‌ಗಳು ರಕ್ತ ತುಂಬಿ ನೀಲಿಯಾದ ಫ್ಲ್ಯಾಪಿಗೆ ಜಿಗಣೆ ಬಿಟ್ಟು ಉಳಿಸಿದ್ದನ್ನು ಪ್ರಕಟಿಸಿದರು. 1985ರಲ್ಲಿ ಅಮೇರಿಕದ ಬಾಸ್ಟನ್ನಿನಲ್ಲಿ ನಾಯಿ ಕಚ್ಚಿ ಕಿವಿ ಹರಿದ ಚಿಕ್ಕ ಹುಡುಗನ ಕಿವಿ ಮತ್ತೆ ಹೊಲಿದ ಡಾಕ್ಟರಿಗೆ ಕೊನೆಗೆ ನೆರವಾದದ್ದು ಜಿಗಣೆಯೇ. 2004ರಲ್ಲಿ ಅಮೇರಿಕ ಸರಕಾರ ಜಿಗಣೆಯನ್ನು ಇದಕ್ಕೆಂದೇ ಮಾರಲು ಒಪ್ಪಿಗೆ ಕೊಟ್ಟಿತು.

ಜಿಗಣೆ ಕುಡಿಯುವುದು ಒಂದೆರಡು ಚಮಚೆ ರಕ್ತ ಮಾತ್ರ. ಕೆಲಸ ಇರುವುದು ಅದರ ಎಂಜಲಿನಲ್ಲಿ. ಅದರಲ್ಲಿನ ಹಿರುಡಿನ್ ಎಂಬ ವಸ್ತು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಜಿಗಣೆ ಕಳಚಿ ಬಿದ್ದ ಮೇಲೂ ತಾಸುಗಟ್ಟಲೆ ಗಾಯ ಜಿನುಗುತ್ತದೆ, ಅಷ್ಟರಲ್ಲಿ ಹೊಸ ನಾಳ ಹುಟ್ಟಲು ನಾಲ್ಕಾರು ದಿನದ ಬಿಡುವು ಸಿಗುತ್ತದೆ. ಆದರೆ ಇದು ಕೆರೆಯಿಂದ ಹಿಡಿದು ತಂದು ಬಿಡುವ ವಿದ್ಯೆಯಲ್ಲ. ಜಿಗಣೆಯ ಹೊಟ್ಟೆಯಲ್ಲಿರುವ ಕ್ರಿಮಿ ಗಾಯಕ್ಕೆ ಸೇರಿ ಕೀವಾಗುತ್ತದೆ, ಅದಕ್ಕೆ ಬೇರೆ ಔಷಧಿ ಕೊಡಬೇಕು. ರಕ್ತ ಹೋದದ್ದು ಹೆಚ್ಚಾದರೆ ರಕ್ತ ಏರಿಸಬೇಕು.

ವಾರ್ಡಿನ ಹೊರಗಿನ ಬೀಡಿ

ಫ್ಲ್ಯಾಪು ಬದುಕಿಸುವ ಮದ್ದು ಯಾವುದೆಂದು ನೂರು ವಾದ ಇವೆ. ಕೊಲ್ಲುವ ಮದ್ದು ಯಾವುದು ಎಂಬುದರಲ್ಲಿ ಮಾತ್ರ ವಾದವಿಲ್ಲ. ತಂಬಾಕು! ನಿಪ್ಪಾಣಿಯ ತಂಬಾಕು ಕಂಡ ಸೀಮೆಗೆ ಈ ಮಾತು ಕಹಿಯಾದೀತು. ನಿಕೋಟಿನ್ ತೊಗಲಿನ ಸಣ್ಣ ನಾಳಗಳನ್ನು ಹಿಂಡುತ್ತದೆ. ಬೀಡಿಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸೀಟು ಹಿಡಿದು ಕೂಡುತ್ತದೆ. ಬಸ್ಸು ಬಂತು, ಸೀಟಿನ ಮೇಲೆಲ್ಲ ಟವೆಲ್ಲು! ಹೊಗೆ ಇಲ್ಲದ ತಂಬಾಕಿನಲ್ಲೂ ನಿಕೋಟಿನ್ ಇದ್ದೇ ಇದೆ.

ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ ಆದರೆ ನಾಲ್ಕು ವಾರ ಮುಂಚೆಯೇ ಬಿಡಿರಿ ಎನ್ನುತ್ತಾರೆ. ಟ್ರೇಲರಿಗೆ ಗುದ್ದುವವನಿಗೆ ನಾಲ್ಕು ವಾರದ ನೋಟೀಸು ಯಾರು ಕೊಡುತ್ತಾರೆ? ಆದರೆ ಗುದ್ದಿದ ಮೇಲಾದರೂ ಬಿಡಬೇಕು. ಆಗುವುದೇನು? ಎಂಟು ತಾಸು ನಿಂತು ನಾಳ ಹೊಲಿದ ಸರ್ಜನ್ ಮನೆಗೆ ಹೋಗಿ ಮಲಗಿರುತ್ತಾನೆ, ಊರಿನಿಂದ ನೋಡಲು ಬಂದ ಗೆಳೆಯ ಮೆಲ್ಲಗೆ, "ಕಾಕಾ, ಬ್ಯಾಸರಾತೇನು? ಒಂದ ಎಳಿ ತಗೋ" ಎಂದು ಸಂಡಾಸಿನ ಕಡೆಗೆ ಕರೆದುಕೊಂಡು ಹೋಗುತ್ತಾನೆ. ಸಾವಿರಾರು ರೂಪಾಯಿ ಔಷಧಿ ಹಿಗ್ಗಿಸಿದ ನಾಳವನ್ನು ಒಂದು ಬೀಡಿ ಹಿಂಡುತ್ತದೆ.

ಇನ್ನೊಂದು ಮಾತು ಹಾಸಿಗೆಯ ಪಕ್ಕ ಕೂಡುವ ಮನೆಯವರಿಗೆ. ಮೊದಲ ಎರಡು ದಿನ ನರ್ಸು ತಾಸಿಗೊಮ್ಮೆ ಬಂದು ಫ್ಲ್ಯಾಪು ಒತ್ತಿ ನೋಡುವುದು ಕಾಟಕ್ಕಲ್ಲ. ಒತ್ತಿದ ಜಾಗ ಬಿಳುಪಾಗಿ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ತಣ್ಣಗೆ, ಬಿಳಿಚಿಕೊಂಡು ಇದ್ದರೆ ನೀರು ಬರುತ್ತಿಲ್ಲ. ನೀಲಿಯಾಗಿ, ಬಿಗಿದು, ಒತ್ತಿದ ಕೂಡಲೇ ಬಣ್ಣ ಮರಳಿದರೆ ನೀರು ಬಸಿಯುತ್ತಿಲ್ಲ. ಎರಡೂ ಕೂಗಿ ಹೇಳಬೇಕಾದ ಸುದ್ದಿ. ಬೆಳಗಿನ ರೌಂಡಿಗೆ ಹೇಳೋಣ ಎಂದು ತಡೆದರೆ ಬೆಳಗಿಗೆ ಫ್ಲ್ಯಾಪಿಲ್ಲ! ಕೆಲವೇ ತಾಸಿನೊಳಗೆ ಮತ್ತೆ ಟೇಬಲಿಗೆ ಒಯ್ದು ಕಟ್ಟಿದ ನಾಳ ಬಿಡಿಸಿದರೆ ಎಷ್ಟೋ ಫ್ಲ್ಯಾಪುಗಳು ಉಳಿಯುತ್ತವೆ. ಅದನ್ನು ಯಾವ ಸೂಜಿಯೂ ಮಾಡುವುದಿಲ್ಲ. ರೋಗಿಗೆ ಚಳಿ ಹತ್ತಗೊಡಬಾರದು, ನೀರಡಿಸಗೊಡಬಾರದು, ಪಟ್ಟಿ ಬಿಗಿಯಾಯಿತೆಂದರೆ ಹೇಳಬೇಕು, ಇಟ್ಟ ಕಾಲು ಇಟ್ಟ ಹಾಗೇ ಇರಬೇಕು. ಇವಕ್ಕೆ ಬಿಲ್ಲಿಲ್ಲ.

ಗಾಣಕ್ಕೋ ಮಗ್ಗಕ್ಕೋ ಸಿಕ್ಕು ಬೆರಳು ಪೂರಾ ಕಡಿದು ಬಿದ್ದರೆ ಅದನ್ನು ಬಿಟ್ಟು ಬರಬೇಡಿರಿ. ಜಪಾನಿನಲ್ಲಿ 1965ರಲ್ಲೇ ಕಡಿದು ಬಿದ್ದ ಹೆಬ್ಬೆರಳನ್ನು ಮತ್ತೆ ಕೂಡಿಸಿದ್ದಾರೆ. ಬೆರಳನ್ನು ಸ್ವಚ್ಛ ಒದ್ದೆ ಅರಿವೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಬರ್ಫ ಇರುವ ಇನ್ನೊಂದು ಚೀಲದಲ್ಲಿ ಇಡಬೇಕು. ಬೆರಳು ಬರ್ಫಕ್ಕೆ ನೇರ ತಾಗಬಾರದು, ತಾಗಿದರೆ ಸುಟ್ಟಂತೆ ಸಾಯುತ್ತದೆ. ಹಾಲಿನಲ್ಲಿ ಅದ್ದುವುದು, ಅರಿಷಿಣ ತುಂಬುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಕಬ್ಬಿನ ಹಾಲಿನ ಅಂಗಡಿಯಲ್ಲಿ ಬರ್ಫ ಇದ್ದೇ ಇರುತ್ತದೆ. ಮುಧೋಳದಿಂದ ಬೆಳಗಾವಿಗೆ ನೂರು ಕಿಲೋಮೀಟರು ಮೀರಿದ ದಾರಿ, ನಡುವೆ ಕಬ್ಬಿನ ಟ್ರೇಲರುಗಳ ಸಾಲು. ಹೊರಡುವಾಗ ದೊಡ್ಡಾಸ್ಪತ್ರೆಗೆ ಒಂದು ಫೋನು ಮಾಡಿ, ನಾಳ ಹೊಲಿಯುವ ಡಾಕ್ಟರು ಇದ್ದಾರೋ ಇಲ್ಲವೋ ಕೇಳಿಕೊಂಡು ಹೊರಡಬೇಕು.